ಡಬ್ಬಿಗಿಂತ ಮೊದಲು ಸಂಜೆಯ ಹಸಿವು

ಕರಾಟೆ ತರಗತಿಯ ಹೊರಗೆ ಮಕ್ಕಳಿಗಾಗಿ ಕಾಯುತ್ತಾ ನಿಂತ ಹೆತ್ತವರ ನಡುವೆ ಈಗೀಗ ದಿನವೂ ಏಳುವ ಪ್ರಶ್ನೆ ಒಂದುಂಟು: ಮಕ್ಕಳಿಗೆ ಯಾವ ಪ್ರೋಟೀನ್ ಪೌಡರ್ ಕೊಡಬೇಕು? ನಮ್ಮ ಕಾಸರಗೋಡಿನ ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯ, ಪೇಟೆ ಯಾವುದೇ ಇರಲಿ, ಸಂಜೆಯಾದರೆ ಬಿಳಿ ಉಡುಪಿನ ಮಕ್ಕಳು ಸ್ಕೂಟರಿನ ಹಿಂದೆ ಕುಳಿತು ಹೋಗುವುದು ಕಾಣುತ್ತದೆ. ಕರಾಟೆಯವರು ಹೆಚ್ಚು, ಟೇಕ್ವಾಂಡೋದವರೂ ಇದ್ದಾರೆ, ದಕ್ಷಿಣಕ್ಕೆ ಹೋದಂತೆ ಕೇರಳದ ಸಾಂಪ್ರದಾಯಿಕ ಸಮರಕಲೆಯಾದ ಕಳರಿ ಕಲಿಯುವವರು. ಜಿಲ್ಲಾ ಮಟ್ಟದ ಪಂದ್ಯಕ್ಕೆ ಹೆಸರು ಕೊಟ್ಟ ಮರುದಿನವೇ ಮನೆಯಲ್ಲಿ ಡಬ್ಬಿಯ ಮಾತು ಶುರುವಾಗುತ್ತದೆ. ಹಲವರ ಮನೆಗೆ ಅದು ಗಲ್ಫಿನಿಂದ ರಜೆಗೆ ಬರುವ ಮಾವನ ಪೆಟ್ಟಿಗೆಯಲ್ಲೇ ಬಂದು ಬೀಳುತ್ತದೆ.

ನಾನೂ ಕೇಳಿದವಳೇ. ಮಗಳು ಒಂಬತ್ತನೇ ತರಗತಿ, ಕುಮಿತೆ, ಅಂದರೆ ಎದುರಾಳಿಯೊಡನೆ ಸೆಣಸುವ ಕರಾಟೆ, ಆಡುತ್ತಾಳೆ. ಕಳೆದ ವರ್ಷ ಅಭ್ಯಾಸದ ನಡುವೆ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟಳು. "ಏನಾದರೂ ಪ್ರೋಟೀನ್ ಪೌಡರ್ ಬರೆದುಕೊಡಿ ಮಾಸ್ಟ್ರೇ" ಎಂದೆ. ಅವರು ತಿರುಗಿ ಕೇಳಿದ್ದು ಇಷ್ಟೇ: "ಅವಳು ಕಡೇ ಸಲ ಊಟ ಮಾಡಿದ್ದು ಎಷ್ಟು ಗಂಟೆಗೆ ಟೀಚರೇ?" ಮಧ್ಯಾಹ್ನ ಒಂದಕ್ಕೆ. ಬುತ್ತಿಯಲ್ಲಿ ಅರ್ಧ ವಾಪಸು ಬಂದಿತ್ತು. ಅಭ್ಯಾಸ ಶುರುವಾಗಿದ್ದು ಸಂಜೆ ಐದಕ್ಕೆ. ಮನೆಗೆ ಬಂದು, ಸ್ನಾನ ಮಾಡಿ, ಹೋಂವರ್ಕ್ ಮುಗಿಸಿ ಊಟಕ್ಕೆ ಕೂರುವಾಗ ಒಂಬತ್ತು. ನಡುವಿನ ಎಂಟು ಗಂಟೆಯಲ್ಲಿ ಅವಳ ಹೊಟ್ಟೆಗೆ ಹೋದದ್ದು ಒಂದು ಲೋಟ ಚಾ, ಎರಡು ಬಿಸ್ಕತ್ತು.

ಆ ಒಂದು ಪ್ರಶ್ನೆಯ ಬೆನ್ನು ಹಿಡಿದು ಓದಿದೆ, ಡಾಕ್ಟರರಲ್ಲಿ ಕೇಳಿದೆ, ಬೇರೆ ಮಕ್ಕಳ ದಿನಚರಿಯನ್ನೂ ಗಮನಿಸಿದೆ. ನಮ್ಮ ಕಡೆಯ ಹೆಚ್ಚಿನ ಮಕ್ಕಳ ತೊಂದರೆ ಡಬ್ಬಿ ಇಲ್ಲದ್ದಲ್ಲ, ಹೊತ್ತಿಗೆ ಅನ್ನ ಇಲ್ಲದ್ದು ಎಂಬುದು ನನಗೆ ಈಗ ಖಚಿತ. ಕೇರಳದ ಶಾಲೆಗಳ ಮಧ್ಯಾಹ್ನದ ಬಿಸಿಯೂಟ ಎಂಟನೇ ತರಗತಿಗೆ ನಿಲ್ಲುತ್ತದೆ. ಮೈ ಬೆಳೆಯುವ ವೇಗ ಹೆಚ್ಚಿರುವುದು, ಪಂದ್ಯಗಳು ಗಂಭೀರವಾಗುವುದು, ಟ್ಯೂಷನ್ ಶುರುವಾಗುವುದು ಇದೇ ವಯಸ್ಸಿನಲ್ಲಿ. ಸರಿಯಾಗಿ ಆ ಹೊತ್ತಿಗೇ ಮಗು ತಣಿದ ಬುತ್ತಿಗೆ ಬೀಳುತ್ತದೆ.

ಹಸಿದ ಹೊಟ್ಟೆ ಅಭ್ಯಾಸವನ್ನು ಹೇಗೆ ಕೆಡಿಸುತ್ತದೆ? ಕಿರಿಯರ ಕುಮಿತೆ ಪಂದ್ಯ ಎರಡೇ ನಿಮಿಷದ್ದು. ಆದರೆ ಆ ಎರಡು ನಿಮಿಷವೆಲ್ಲ ಮುನ್ನುಗ್ಗುವುದು, ಹಿಂದೆ ಸರಿಯುವುದು, ಒದೆಯುವುದು. ಇಂಥ ಮಿಂಚಿನ ಕೆಲಸಕ್ಕೆ ಸ್ನಾಯು ಉರಿಸುವುದು ಕೊಬ್ಬನ್ನಲ್ಲ, ತನ್ನೊಳಗೇ ಕೂಡಿಟ್ಟುಕೊಂಡ ಗ್ಲೈಕೋಜನ್ ಎಂಬ ಸಕ್ಕರೆಯನ್ನು. ಅದು ತುಂಬುವುದು ಅನ್ನ, ಗಂಜಿ, ಅವಲಕ್ಕಿ, ಬಾಳೆಹಣ್ಣಿನಂಥ ಪಿಷ್ಟದಿಂದ. ಒಂದೂವರೆ ಗಂಟೆಯ ಅಭ್ಯಾಸದಲ್ಲಿ ಅದು ಗಣನೀಯವಾಗಿ ಖಾಲಿಯಾಗುತ್ತದೆ. ಬರುವಾಗಲೇ ಅರ್ಧ ಖಾಲಿಯಾಗಿ ಬಂದ ಮಗು ಮೊದಲ ಅರ್ಧ ಗಂಟೆ ಚುರುಕಾಗಿದ್ದು ಆಮೇಲೆ ಸಪ್ಪಗಾಗುತ್ತದೆ, ಕಾಲೆತ್ತುವುದು ತಡವಾಗುತ್ತದೆ, ತಡವಾದಾಗಲೇ ಪೆಟ್ಟು ಬೀಳುತ್ತದೆ. ಊಟವೇ ಸಾಲದಾದಾಗ ಮೈ ತಿಂದ ಪ್ರೋಟೀನನ್ನೂ ಕಟ್ಟಲು ಬಳಸದೆ ಉರಿಸಲು ಬಳಸುತ್ತದೆ. ದುಬಾರಿ ಪೌಡರನ್ನು ಹಸಿದ ಮಗುವಿಗೆ ಕೊಟ್ಟರೆ ತೇಗದ ಮರ ಕಡಿದು ಒಲೆಗಿಟ್ಟ ಹಾಗೆ.

ಐದು ಗಂಟೆಯ ಅಭ್ಯಾಸಕ್ಕೆ ನಾಲ್ಕಕ್ಕೆ ತಿನ್ನುವುದು ಏನೂ ಕಷ್ಟದ್ದಲ್ಲ. ಒಂದು ನೇಂದ್ರ ಬಾಳೆಹಣ್ಣು, ಅಥವಾ ಬೆಲ್ಲ-ಕಾಯಿತುರಿ ಕಲಸಿದ ಅವಲಕ್ಕಿ, ಅಥವಾ ಬೆಳಗ್ಗಿನ ಎರಡು ಇಡ್ಲಿ. ಎಣ್ಣೆಯಲ್ಲಿ ಕರಿದದ್ದು ಬೇಡ, ಅದು ಹೊಟ್ಟೆಯಲ್ಲೇ ಕುಳಿತಿರುತ್ತದೆ. ಶಾಲೆಯಿಂದ ನೇರ ತರಗತಿಗೆ ಹೋಗುವ ಮಗುವಾದರೆ ಬೆಳಗ್ಗೆಯೇ ಎರಡನೇ ಡಬ್ಬಿ ಕಟ್ಟಿ ಕೊಡಬೇಕು. ನನಗೆ ಬೇಕಾದದ್ದು ಆ ಡಬ್ಬಿ.

ಇನ್ನು ಪ್ರೋಟೀನಿನ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 45 ಗ್ರಾಂ, ಹುಡುಗಿಗೆ 43 ಗ್ರಾಂ ಪ್ರೋಟೀನ್ ಬೇಕು. ಗಟ್ಟಿ ಅಭ್ಯಾಸ ಮಾಡುವವರಿಗೆ ಮೈತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಎಂದು ಹಿಡಿದರೆ, 45 ಕಿಲೋ ತೂಗುವ ಮಗುವಿಗೆ 54ರಿಂದ 72 ಗ್ರಾಂ. ಇದನ್ನು ನಮ್ಮ ಅಡುಗೆಮನೆಯಲ್ಲೇ ಅಳೆದು ನೋಡೋಣ. ದಿನವಿಡೀ ಉಣ್ಣುವ 250 ಗ್ರಾಂ ಕುಚ್ಚಲಕ್ಕಿಯಲ್ಲೇ ಸುಮಾರು 19 ಗ್ರಾಂ ಉಂಟು. ಅನ್ನದಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಎನ್ನುವವರು ಇದನ್ನು ಮರೆಯುತ್ತಾರೆ. ಸಾರಿಗೆ ಬಿದ್ದ ಒಂದು ಹಿಡಿ ಬೇಳೆ 7 ಗ್ರಾಂ, ಒಂದು ಮೊಟ್ಟೆ 6, ಒಂದು ಲೋಟ ಹಾಲು 6, ಮುಳ್ಳು ಬಿಟ್ಟು 100 ಗ್ರಾಂ ಬಂಗುಡೆ ಅಥವಾ ಬೂತಾಯಿ 19ರ ಆಸುಪಾಸು. ಒಟ್ಟು 57. ಮೀನು ತಿನ್ನುವ ಮನೆ ಕಷ್ಟವಿಲ್ಲದೆ ಗಡಿ ದಾಟುತ್ತದೆ. ಬೂತಾಯಿಯಲ್ಲಿ ಒಮೇಗಾ-3 ಕೊಬ್ಬೂ ಸಿಗುತ್ತದೆ.

ಸಸ್ಯಾಹಾರಿ ಮನೆಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ನಮ್ಮದೂ ಅಂಥದ್ದೇ. ತಂಬುಳಿ, ಮೇಲಾರ, ಕೊದಿಲು, ಪಲ್ಯ, ರುಚಿಗೆ ಕೊರತೆಯಿಲ್ಲ. ಆದರೆ ಒಂದೆಲಗದ ತಂಬುಳಿಯಿಂದ ಸ್ನಾಯು ಕಟ್ಟುವ ಸಾಮಗ್ರಿ ಸಿಗುವುದು ಬಹಳ ಕಡಿಮೆ. ಅನ್ನದ 19, ಕೊದಿಲಿನ ಬೇಳೆಯ 7, ಹಾಲು-ಮೊಸರು ಸೇರಿ ಅರ್ಧ ಲೀಟರಿನ 16 ಕೂಡಿಸಿದರೆ 42ಕ್ಕೆ ನಿಲ್ಲುತ್ತದೆ. ಅರ್ಧ ಲೀಟರ್ ಮೊಸರು-ಹಾಲು ದಿನವೂ ಹೋಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನೀರು ಮಜ್ಜಿಗೆ ಮೊಸರಿನ ಲೆಕ್ಕಕ್ಕೆ ಬರುವುದಿಲ್ಲ. ಈ ಕೊರತೆ ತುಂಬುವುದು ಒಂದು ಹಿಡಿ ಹೆಸರುಕಾಳಿನ ಉಸುಲಿ (7 ಗ್ರಾಂ) ಮತ್ತು ಒಂದು ಹಿಡಿ ನೆಲಕಡಲೆ (7 ಗ್ರಾಂ). ಹುರುಳಿ ಸಾರೂ ಆದೀತು, ಆದರೆ ತಿಳಿಯನ್ನಷ್ಟೇ ಉಂಡು ಕಾಳನ್ನು ದನಕ್ಕೆ ಹಾಕುವ ಕ್ರಮ ಬಿಡಬೇಕು. ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳುಗಳಲ್ಲಿ ಧಾರಾಳ, ಆದ್ದರಿಂದ ಅನ್ನ ಮತ್ತು ಕಾಳು ಒಂದೇ ದಿನ ಹೊಟ್ಟೆ ಸೇರಿದರೆ ಎರಡರ ಕೊರತೆಯೂ ನೀಗುತ್ತದೆ.

ಅಭ್ಯಾಸ ಮುಗಿದ ಮೇಲೆ ಒಂದು ಹೊತ್ತಿಗೆ ಬೇಕಾದ ಪ್ರೋಟೀನ್ ಕಿಲೋಗೆ ಸುಮಾರು 0.3 ಗ್ರಾಂ. ಅಂದರೆ 45 ಕಿಲೋದ ಮಗುವಿಗೆ 13-14 ಗ್ರಾಂ. ಎರಡು ಬೇಯಿಸಿದ ಮೊಟ್ಟೆ, ಅಥವಾ ಒಂದು ಲೋಟ ಹಾಲಿನ ಜೊತೆ ಒಂದು ಹಿಡಿ ನೆಲಕಡಲೆ, ಅಷ್ಟಕ್ಕೇ ಮುಗಿಯಿತು. ಡಬ್ಬಿಯೊಳಗಿನ ಒಂದು ಚಮಚೆಯಲ್ಲಿ ಸಾಮಾನ್ಯವಾಗಿ 24 ಗ್ರಾಂ ಇರುತ್ತದೆ. ಅದು ಎಂಬತ್ತು ಕಿಲೋ ಆಳಿಗೆ ಮಾಡಿದ ಅಳತೆ.

ವೇ ಪ್ರೋಟೀನ್ ವಿಷ ಎಂದು ನಾನು ಹೇಳುತ್ತಿಲ್ಲ. ಚೀಸ್ ಮಾಡುವಾಗ ಉಳಿಯುವ ಹಾಲಿನ ತಿಳಿಯನ್ನು ಒಣಗಿಸಿದ ಪುಡಿ ಅದು. ಆರೋಗ್ಯವಾಗಿರುವ ಮಗುವಿನ ಕಿಡ್ನಿ ಅದರಿಂದ ಹಾಳಾಗುತ್ತದೆ ಎಂಬ ಹೆದರಿಕೆಗೂ ಗಟ್ಟಿ ಆಧಾರವಿಲ್ಲ. ನನ್ನ ತಕರಾರು ಬೇರೆ: ಡಬ್ಬಿಯೊಳಗೆ ಏನಿದೆ ಎಂಬುದು ನಮಗೆ ಗೊತ್ತಾಗುವುದಿಲ್ಲ. ಕೇರಳದ ವೈದ್ಯರ ನೇತೃತ್ವದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಸುಮಾರು ಶೇಕಡಾ 70ರಷ್ಟು ಡಬ್ಬಿಗಳಲ್ಲಿ ಪ್ರೋಟೀನಿನ ಪ್ರಮಾಣ ಮೇಲೆ ಬರೆದುದಕ್ಕೆ ತಾಳೆಯಾಗಲಿಲ್ಲ. ಶೇಕಡಾ 14ರಷ್ಟರಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷ, ಶೇಕಡಾ 8ರಷ್ಟರಲ್ಲಿ ಕೀಟನಾಶಕದ ಅಂಶ ಕಂಡಿತು. ಅದೇ ವರ್ಷ ಮೇ ತಿಂಗಳಲ್ಲಿ ವೈದ್ಯಕೀಯ ಸಂಶೋಧನಾ ಪರಿಷತ್ತು ಹೊರಡಿಸಿದ ಆಹಾರ ಮಾರ್ಗಸೂಚಿಯೂ ಮೈ ಕಟ್ಟಲು ಪ್ರೋಟೀನ್ ಪುಡಿ ಬೇಡವೆಂದೇ ಹೇಳಿತು. ಇನ್ನು ತೂಕ ಹೆಚ್ಚಿಸುವ 'ಮಾಸ್ ಗೇನರ್' ಎಂಬ ದೊಡ್ಡ ಡಬ್ಬಿಗಳಲ್ಲಿ ಮುಕ್ಕಾಲು ಪಾಲು ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ. ಅದಕ್ಕೆ ಸಾವಿರಗಟ್ಟಲೆ ಕೊಡುವುದಕ್ಕಿಂತ ಗಂಜಿಗೆ ಒಂದು ಚಮಚ ತುಪ್ಪ ಹಾಕಿ ಕೊಡುವುದು ಮೇಲು.

ಸ್ನಾಯುವಿನ ಬಲಕ್ಕೆಂದು ತೆಗೆದುಕೊಳ್ಳುವ ಕ್ರಿಯಾಟಿನ್ ಪುಡಿಯ ವಿಚಾರ ಸ್ವಲ್ಪ ಬೇರೆ. ದೊಡ್ಡವರಲ್ಲಿ ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ, ನಿಷೇಧವೂ ಇಲ್ಲ. ಆದರೆ 18ಕ್ಕಿಂತ ಕೆಳಗಿನವರಿಗೆ ಅದು ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಹದಿನಾಲ್ಕರ ಹುಡುಗನಿಗೆ ಇನ್ನೂ ಸರಿಯಾಗಿ ಒದೆಯಲು ಬಾರದಿರುವಾಗ ಅದರ ಅವಸರ ಏನು?

ಡಬ್ಬಿಯ ಇನ್ನೊಂದು ಅಪಾಯವನ್ನು ಹೆತ್ತವರು ಕೇಳಿಸಿಕೊಂಡದ್ದೇ ಕಡಿಮೆ. ಕೆಲವು ಪುಡಿಗಳಲ್ಲಿ, ಮುಖ್ಯವಾಗಿ ಅಭ್ಯಾಸಕ್ಕೆ ಮೊದಲು ಕುಡಿಯುವವು ಮತ್ತು ಕೊಬ್ಬು ಕರಗಿಸುವವುಗಳಲ್ಲಿ, ಕ್ರೀಡೆಯಲ್ಲಿ ನಿಷೇಧಿಸಿದ ಪದಾರ್ಥ ಸೇರಿರಬಹುದು. ಹೆಸರು ಬರೆದೂ ಇರಬಹುದು, ಬರೆಯದೆಯೂ ಇರಬಹುದು. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ ಎಂಬುದು ಉದ್ದೀಪನ ಮದ್ದು ತಡೆ ನಿಯಮದ ಬುನಾದಿ. ಗೊತ್ತಿರಲಿಲ್ಲ ಎಂದರೆ, ಅಪ್ರಾಪ್ತ ವಯಸ್ಸು ಎಂದರೆ ಶಿಕ್ಷೆ ಕಡಿಮೆಯಾದೀತು, ಪ್ರಕರಣವೇ ಇಲ್ಲ ಎಂದಾಗುವುದಿಲ್ಲ. 2023ರಲ್ಲಿ ಭಾರತದಲ್ಲಿ ಪರೀಕ್ಷಿಸಿದ ಸುಮಾರು 5,600 ಮಾದರಿಗಳಲ್ಲಿ 200ಕ್ಕೂ ಹೆಚ್ಚು ಮಾದರಿಗಳಲ್ಲಿ ನಿಷೇಧಿತ ಮದ್ದು ಸಿಕ್ಕಿತು. ಶೇಕಡಾ 3.8ರ ಈ ಪ್ರಮಾಣ ಹೆಚ್ಚು ಪರೀಕ್ಷೆ ನಡೆಸುವ ದೇಶಗಳಲ್ಲೇ ಅತಿ ದೊಡ್ಡದಾಗಿತ್ತು. ಶಾಲಾ ಮಕ್ಕಳು ಆಡುವ ಖೇಲೋ ಇಂಡಿಯಾ ಕೂಟದಲ್ಲೂ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ 'ನಾಡಾ' ಮೂತ್ರದ ಮಾದರಿ ತೆಗೆದುಕೊಳ್ಳುತ್ತದೆ. ಕಳರಿಪಯಟ್ಟು ಕೂಡ 2022ರಲ್ಲಿ ಪಂಚಕುಲದಲ್ಲಿ ನಡೆದ ಆ ಕೂಟದಲ್ಲಿ ಸೇರಿತ್ತು. ಊರಿನ ಕಳರಿ ಎಂದ ಮಾತ್ರಕ್ಕೆ ನಿಯಮದ ಹೊರಗಲ್ಲ.

ಮನೆಯ ಕಪಾಟಿನ ಮದ್ದನ್ನೂ ನೋಡಬೇಕು. ನಮ್ಮಲ್ಲಿ ಮಳೆಗಾಲವಿಡೀ ಮಕ್ಕಳಿಗೆ ಕುಡಿಸುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬುಟಲಿನ್ ಎಂಬ ಮದ್ದು ಇರುತ್ತದೆ; ಅದು ಪಂದ್ಯ ಇರಲಿ ಇಲ್ಲದಿರಲಿ, ಎಲ್ಲ ಕಾಲಕ್ಕೂ ನಿಷೇಧಿತ. ಆಯುರ್ವೇದದ್ದಾದರೆ ಹೆದರಿಕೆಯಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ನಮ್ಮೂರಿನ ಹೆಸರೇ ಕಾಸರಕನ ಮರದಿಂದ ಬಂತು ಎನ್ನುವವರಿದ್ದಾರೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ, ಕುಡಿಯುವ ಕಷಾಯಕ್ಕೆಂದು, ಹಾಲೆ ಮರವೆಂದು ತಪ್ಪಿ ಕಾಸರಕನ ತೊಗಟೆ ಕೆತ್ತಿ ತಂದರೆ ಜೀವಕ್ಕೇ ಅಪಾಯ ಎಂದು ನಮ್ಮ ಅಜ್ಜಿಯಂದಿರು ಎಚ್ಚರಿಸುತ್ತಿದ್ದರು. ಆ ಮರದ ವಿಷ ಸ್ಟ್ರಿಕ್ನಿನ್. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಮೊಟ್ಟೆಯ ಬಿಳಿ, ಬ್ರಾಂದಿಯೊಡನೆ ಕುಡಿಸಿದ್ದು ಇದನ್ನೇ. ಗುರಿ ಮುಟ್ಟುವಷ್ಟರಲ್ಲಿ ಆತ ಕುಸಿದುಹೋಗಿದ್ದ. ಇಂದಿಗೂ ಅದು ಪಂದ್ಯದ ಕಾಲದ ನಿಷೇಧಿತ ಪಟ್ಟಿಯಲ್ಲಿದೆ. ಅಜೀರ್ಣಕ್ಕೆ ಕೊಡುವ ಅಗ್ನಿತುಂಡಿ ವಟಿಯಲ್ಲಿ ಶುದ್ಧಿ ಮಾಡಿದ ಕಾಸರಕದ ಬೀಜ ಇರುತ್ತದೆ. ಚಿಕಿತ್ಸೆಗೆ ಅದು ಸರಿಯೋ ತಪ್ಪೋ ವೈದ್ಯರು ಹೇಳಲಿ. ಪಂದ್ಯದ ವಾರ ಹೊಟ್ಟೆನೋವೆಂದು ಅದನ್ನು ನುಂಗಿಸುವ ಮೊದಲು ಮಗು ಆಟಗಾರ ಎಂದು ವೈದ್ಯರಿಗೆ ತಿಳಿಸಲೇಬೇಕು. ಡಬ್ಬಿ, ಸಿರಪ್ಪು, ಮಾತ್ರೆ ಯಾವುದರ ಮೇಲೂ ಈ ಎಚ್ಚರಿಕೆ ಕನ್ನಡದಲ್ಲಿ ಬರೆದಿರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗೆ ಕೂತು ಓದಿ ಹೇಳುವವರು ನಾವೇ ಆಗಬೇಕು.

ತೂಕ ಇಳಿಸುವ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಕೆಳಗಿನ ತೂಕದ ವಿಭಾಗಕ್ಕೆ ಇಳಿದರೆ ಪದಕ ಸುಲಭ ಎಂದು ಹನ್ನೆರಡು-ಹದಿಮೂರರ ಮಕ್ಕಳಿಗೆ ರೈನ್‌ಕೋಟ್ ಹಾಕಿಸಿ ಓಡಿಸಿದ್ದನ್ನು, ಎರಡು ದಿನ ನೀರು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ದಿನ 100 ಗ್ರಾಂ ಹೆಚ್ಚಿದ್ದಕ್ಕೆ ಅನರ್ಹರಾದಾಗ ಇಡೀ ದೇಶ ಅತ್ತಿತು. ರಾತ್ರಿಯಿಡೀ ಅವರು ಪಟ್ಟ ಪಾಡನ್ನು ನೋಡಿ ನಾವು ಕಲಿಯಬೇಕಾದದ್ದು ಬೆವರಿಳಿಸುವ ವಿದ್ಯೆಯನ್ನಲ್ಲ. ಅವರು ತಜ್ಞ ವೈದ್ಯರ ನಡುವೆ ಇದ್ದ ವಯಸ್ಕ ಆಟಗಾರ್ತಿ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಕಾಲೇಜಿನ ಮೂವರು ಕುಸ್ತಿಪಟುಗಳು ಒಂದು ತಿಂಗಳಿನಷ್ಟು ಅವಧಿಯಲ್ಲಿ ಹೀಗೆಯೇ ತೂಕ ಇಳಿಸಲು ಹೋಗಿ ಸತ್ತರು. ಆ ಮೇಲೆ ಅಲ್ಲಿನ ನಿಯಮವೇ ಬದಲಾಯಿತು. ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರಂತೂ ಅದು ಅಪಾಯವೂ ಹೌದು, ನಿಷೇಧಿತ ಮದ್ದೂ ಹೌದು. ಬೆಳೆಯುವ ಮಗು ಒಂದು ವರ್ಷದಲ್ಲಿ ನಾಲ್ಕೈದು ಕಿಲೋ ಏರುವುದು ಸಹಜ. ವಿಭಾಗ ಬದಲಾಗಲಿ, ಮಗುವನ್ನು ಕುಗ್ಗಿಸಬೇಡಿ.

ಹುಡುಗಿಯರಲ್ಲಿ ಈ ಹಸಿವಿನ ಗುರುತು ಮುಟ್ಟಿನಲ್ಲಿ ಕಾಣುತ್ತದೆ. ಉಣ್ಣುವುದಕ್ಕಿಂತ ಉರಿಸುವುದು ಹೆಚ್ಚಾದಾಗ ಮೈ ಮೊದಲು ನಿಲ್ಲಿಸುವುದು ಅದನ್ನೇ. ಆಮೇಲೆ ಎಲುಬು ಸಡಿಲಾಗುತ್ತದೆ, ಗಾಯ ವಾಸಿಯಾಗಲು ತಡವಾಗುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದ ಈ ಸ್ಥಿತಿಗೆ ಪ್ರತ್ಯೇಕ ಹೆಸರಿಟ್ಟು ಎಚ್ಚರಿಸುತ್ತಲೇ ಇದೆ, ಹುಡುಗರಿಗೂ ಇದು ಬರುತ್ತದೆ ಎಂದೂ ಹೇಳಿದೆ. ಮೂರು ತಿಂಗಳು ಮುಟ್ಟು ನಿಂತರೆ, ಅಥವಾ ಹದಿನೈದು ತುಂಬಿದರೂ ಶುರುವಾಗದಿದ್ದರೆ, 'ಕರಾಟೆ ಮಾಡುವ ಮಕ್ಕಳಿಗೆ ಹಾಗೆಯೇ' ಎಂದು ಕೂರಬಾರದು, ಡಾಕ್ಟರರಲ್ಲಿ ತೋರಿಸಬೇಕು. ಕಬ್ಬಿಣದ ಕೊರತೆಯೂ ಜೊತೆಗೇ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ. ಕೇರಳದ ಸ್ಥಿತಿ ಇದಕ್ಕಿಂತ ಎಷ್ಟೋ ಮೇಲಾದರೂ ಮೂವರಲ್ಲಿ ಒಬ್ಬಳ ಹತ್ತಿರ ಬರುತ್ತದೆ. ಅಭ್ಯಾಸದಲ್ಲಿ ಬೇಗ ಏದುಸಿರು ಬಿಡುವವಳನ್ನು ಸೋಮಾರಿ ಎನ್ನುವ ಮೊದಲು ಒಮ್ಮೆ ಹಿಮೋಗ್ಲೋಬಿನ್ ನೋಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಮಕ್ಕಳು ಕಿಟಕಿಯಿಂದಾಚೆ ಎಸೆಯುವುದನ್ನು ಶಿಕ್ಷಕಿಯಾಗಿ ನಾನು ಬಲ್ಲೆ. ಇದ್ದದ್ದರಲ್ಲಿ ನಿಜವಾಗಿ ಬೇಕಾದ ಸಪ್ಲಿಮೆಂಟ್ ಅದೇ. ಬಸಳೆ, ಹರಿವೆ, ಹುರುಳಿ ಉಣ್ಣುವಾಗ ಲಿಂಬೆ ಹಿಂಡಿಕೊಳ್ಳಿ. ಊಟದ ಜೊತೆ, ಮಾತ್ರೆಯ ಜೊತೆ ಚಾ ಬೇಡ.

ನೀರಿನ ಮಾತು ಚಿಕ್ಕದು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಬರೇ ಸುರಿಯುತ್ತದೆ, ಮೈ ತಂಪಾಗುವುದಿಲ್ಲ. ಅಭ್ಯಾಸದ ಮೊದಲು ಮತ್ತು ಆಮೇಲೆ ಮಗುವನ್ನು ತೂಗಿ ನೋಡಿ. ಅರ್ಧ ಕಿಲೋ ಇಳಿದಿದ್ದರೆ ಮುಕ್ಕಾಲು ಲೀಟರು ನಿಧಾನಕ್ಕೆ ಕುಡಿಯಬೇಕು. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಲ್ಲಿ ಹೋಗುವ ಸೋಡಿಯಂ ಕಡಿಮೆ. ಒಂದು ಚಿಟಿಕೆ ಉಪ್ಪು ಬೇಕು. ಉಪ್ಪು ಹಾಕಿದ ಗಂಜಿ ತಿಳಿಯಲ್ಲಿ ನೀರು, ಪಿಷ್ಟ, ಉಪ್ಪು ಮೂರೂ ಉಂಟು. ಬಣ್ಣದ ಎನರ್ಜಿ ಡ್ರಿಂಕಿನ ಡಬ್ಬಿಯಲ್ಲಿ 'ಮಕ್ಕಳಿಗೆ ಅಲ್ಲ' ಎಂದು ಸಣ್ಣ ಅಕ್ಷರದಲ್ಲಿ ಬರೆದೇ ಇರುತ್ತದೆ.

ರಂಜಾನ್ ಉಪವಾಸದ ತಿಂಗಳಲ್ಲಿ ನಮ್ಮ ತರಗತಿಯ ಅರ್ಧದಷ್ಟು ಮಕ್ಕಳು ನೋಂಬು ಹಿಡಿಯುತ್ತಾರೆ. ಮಾಸ್ಟ್ರು ಆ ತಿಂಗಳು ಐದು ಗಂಟೆಗೆ ಬರೇ ಕಾತಾ (ಎದುರಾಳಿಯಿಲ್ಲದೆ ಒಬ್ಬರೇ ಮಾಡುವ ಹೆಜ್ಜೆ-ಹೊಡೆತಗಳ ಸರಣಿ) ಮಾಡಿಸುತ್ತಾರೆ, ಕುಮಿತೆ ಇಲ್ಲ. ಜೋರಿನ ಅಭ್ಯಾಸ ಬೇಕಾದ ದೊಡ್ಡ ಮಕ್ಕಳಿಗೆ ಉಪವಾಸ ಬಿಟ್ಟು ಒಂದೂವರೆ ಗಂಟೆಯ ಮೇಲೆ ಬೇರೆ ಸಮಯ. ಖರ್ಜೂರ, ತರಿಕಂಜಿಯಿಂದ (ರವೆಯ ತೆಳು ಗಂಜಿ) ಶುರುಮಾಡಿದರೆ ಹೊಟ್ಟೆ ಭಾರವಾಗುವುದಿಲ್ಲ. ಕರಿದ ತಿಂಡಿ ಕಡೆಗಿರಲಿ. ನಸುಕಿಗೆ ಮೊದಲಿನ ಊಟವಾದ ಸಹರಿಗೆ ಏಳದೆ ಮಲಗಿದ ಮಗು ಆ ದಿನ ಸಂಜೆ ಅಭ್ಯಾಸ ಮಾಡುವುದು ಬೇಡವೇ ಬೇಡ.

ಕಡೆಗೆ ದಣಿವಾರಿಸುವ ವಿಚಾರ. ಕಳರಿಯಲ್ಲಿ ಇದಕ್ಕೆ ಒಂದು ಪದ್ಧತಿಯೇ ಉಂಟು: ನಮ್ಮ ಆಟಿಯ ಹೊತ್ತಿನಲ್ಲೇ ಬರುವ ಮಲಯಾಳದ ಕರ್ಕಾಟಕ ಮಾಸದಲ್ಲಿ ಎಣ್ಣೆ ಉಜ್ಜುವುದು, ಪಥ್ಯ, ಮದ್ದಿನ ಗಂಜಿ. ಉಜ್ಜಿದ್ದರಿಂದ ಸ್ನಾಯು ಬೇಗ ಬೆಳೆಯುತ್ತದೆ ಎನ್ನಲಾಗದು; ನೋವು ಸ್ವಲ್ಪ ಕಡಿಮೆಯಾಗುವುದು ನಿಜ. ನನ್ನ ಕಣ್ಣಿಗೆ ಅದರ ದೊಡ್ಡ ಗುಣ, ಆ ದಿನಗಳಲ್ಲಿ ಮೈಗೆ ಬಿಡುವು ಸಿಗುತ್ತದೆ ಎಂಬುದು. ಈಗಿನ ತರಗತಿಗಳಲ್ಲಿ ಅದೇ ಇಲ್ಲ. ವಾರಕ್ಕೆ ಒಂದೆರಡು ದಿನ ಆಟದಿಂದ ಪೂರ್ಣ ರಜೆ, ವರ್ಷದಲ್ಲಿ ಎರಡು-ಮೂರು ತಿಂಗಳು ಒಂದೇ ಆಟದಿಂದ ದೂರ, ಇದು ಮಕ್ಕಳ ವೈದ್ಯರು ಹೇಳುವ ಲೆಕ್ಕ. ನಿದ್ದೆ 13ರಿಂದ 18ರ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ, ಅಭ್ಯಾಸದಲ್ಲಿ ಕಲಿತ ಹೆಜ್ಜೆ ಮಿದುಳಿನಲ್ಲಿ ನೆಲೆಯಾಗುವುದೂ ಆಗಲೇ. ಬೆಳಗ್ಗೆ ಮದ್ರಸಕ್ಕೆ ಹೋಗುವ ಮಗು ಐದೂವರೆಗೆ ಏಳುತ್ತದೆ. ಟ್ಯೂಷನ್ ಮುಗಿಸಿ ಹನ್ನೊಂದಕ್ಕೆ ಮಲಗಿದರೆ ಆರೂವರೆ ಗಂಟೆ. ನನ್ನ ಮಗಳದ್ದೂ ಹೆಚ್ಚು ಕಡಿಮೆ ಅಷ್ಟೇ ಇತ್ತು.

ಈಗ ಅವಳ ಚೀಲದಲ್ಲಿ ಎರಡನೇ ಡಬ್ಬಿ ಇರುತ್ತದೆ, ಒಂದು ದಿನ ಹೆಸರುಕಾಳು-ಅವಲಕ್ಕಿ, ಒಂದು ದಿನ ನೇಂದ್ರ ಹಣ್ಣು. ಕಣ್ಣು ಕತ್ತಲೆ ಬಂದಿಲ್ಲ. ನಿದ್ದೆಯದ್ದೇ ಇನ್ನೂ ಸರಿಯಾಗಿಲ್ಲ. ಟ್ಯೂಷನ್ ಬೇಗನೆ ಮುಗಿಯುವಂತೆ ಸಮಯ ಬದಲಿಸಲು ಕೇಳಿದ್ದೇವೆ, ಜೂನಿನವರೆಗೆ ಬೇರೆ ಗುಂಪಿನಲ್ಲಿ ಜಾಗವಿಲ್ಲವಂತೆ. ಅಲ್ಲಿಯವರೆಗೆ ಮಂಗಳವಾರ, ಗುರುವಾರ ಕರಾಟೆ ಬಿಟ್ಟಿದ್ದಾಳೆ. ಆ ಎರಡು ದಿನ ಏಳೂವರೆಗೆ ಊಟ, ಒಂಬತ್ತೂವರೆಗೆ ದೀಪ ಆರಿಸುತ್ತೇವೆ.